ಅದು ಪರೀಕ್ಷೆಗೆ ಬರಲ್ಲ ಕಣೋ

ಹೋದ ವರ್ಷ ಒಂಬತ್ತನೇ ಕ್ಲಾಸಿಗೆ ಬಸವಣ್ಣನವರ ಪಾಠ ಮಾಡ್ತಿದ್ದೆ. ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಬಸವಣ್ಣ ಜನಿವಾರ ಬೇಡ ಅಂದ್ರಂತೆ, ನಮ್ಮಜ್ಜ ಹೇಳ್ತಿದ್ರು. ಹಂಗಾದ್ರೆ ನಾವು ಹಿಂದೂಗಳಾ, ಅಲ್ವಾ ಸಾರ್?"

ಯಾವತ್ತೂ ಗಲಾಟೆ ಮಾಡೋ ಕ್ಲಾಸು ಒಂದು ಕ್ಷಣ ತೆಪ್ಪಗಾಯ್ತು. ಎಲ್ಲರ ಕಣ್ಣೂ ನನ್ನ ಮೇಲೆ. ಇಷ್ಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ಈ ಮೇಷ್ಟ್ರು ಏನು ಹೇಳಿದರು ಗೊತ್ತಾ? "ಅದು ಪರೀಕ್ಷೆಗೆ ಬರಲ್ಲ ಕಣೋ, ಕೂತ್ಕೋ."

ಕೂತ. ನಾನು ಬೋರ್ಡಿನ ಕಡೆ ತಿರುಗಿ ಅನುಭವ ಮಂಟಪ ಅಂತ ಬರೆದೆ. ಯಾರು ಏನು ಬೇಕಾದರೂ ಕೇಳಬಹುದಾಗಿದ್ದ ಜಾಗ ಅದು!

ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಹೆದರಿಕೆ. ಯಾರಾದರೂ ಮನೆಗೆ ಹೋಗಿ "ಸಾರ್ ಹೀಗಂದ್ರು" ಅಂದರೆ? ನಾಳೆ ನಾಲ್ಕು ಜನ ಗೇಟಿನ ಹತ್ತಿರ ಬಂದು ನಿಂತರೆ? ಇದೇ ಪ್ರಶ್ನೆ ಹಿಡ್ಕೊಂಡು ನಾಗಮೋಹನ ದಾಸ್ ಸಮಿತಿ ಕೂತು ವರದಿ ಬರೆಯಿತು. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿತು, ಕೇಂದ್ರ ಒಪ್ಪಲಿಲ್ಲ. ಮಠಗಳೇ ಎರಡು ಪಾಳಯ ಆದವು. ದೊಡ್ಡವರು ಬೀದಿಯಲ್ಲಿ ನಿಂತು ಇದನ್ನೇ ಕೂಗಬಹುದು. ಹದಿನಾಲ್ಕು ವರ್ಷದ ಹುಡುಗ ಕ್ಲಾಸಿನಲ್ಲಿ ಕೇಳಬಾರದು. ಆ ಹುಡುಗ ಉತ್ತರ ಹುಡುಕೋದನ್ನ ಬಿಟ್ಟಿರ್ತಾನಾ? ಸಂಜೆ ಅಪ್ಪನ ಮೊಬೈಲಿನಲ್ಲಿ ಸಿಕ್ಕಿರುತ್ತೆ. ಎಂಥ ಉತ್ತರ ಸಿಕ್ಕಿರುತ್ತೆ ಅಂತ ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತೆ.

ಅದಕ್ಕೇ ನಾನು ಹೇಳೋದು, ಹೈಸ್ಕೂಲಿನಲ್ಲಿ ಧರ್ಮಗಳ ಬಗ್ಗೆ ಪಾಠ ಇರಬೇಕು. ಸರಿಯಾದ ಪಠ್ಯ, ಪೀರಿಯಡ್ಡು, ಮಾರ್ಕ್ಸು ಎಲ್ಲಾ ಇಟ್ಟು.

ಇಷ್ಟು ಹೇಳಿದ ಕೂಡಲೇ ಎರಡು ಕಡೆಯಿಂದಲೂ ಕಲ್ಲು ಬೀಳುತ್ತೆ, ಗೊತ್ತು. ಒಂದು ಕಡೆಯವರು "ಹೌದು ಸಾರ್, ಭಗವದ್ಗೀತೆ ಕಲಿಸಿ" ಅಂತ ಓಡಿಬರ್ತಾರೆ. 2022ರಲ್ಲಿ ಗುಜರಾತ್ ಸರ್ಕಾರ ಆರರಿಂದ ಹನ್ನೆರಡನೇ ತರಗತಿವರೆಗೆ ಗೀತೆ ಅಂತ ಪ್ರಕಟಿಸಿದಾಗ ನಮ್ಮ ಮಂತ್ರಿಗಳೂ ನಮ್ಮಲ್ಲೂ ತರೋಣ ಅಂದರು. ಬೇಡ ಅನ್ನಲ್ಲ ನಾನು, ಗೀತೆಯನ್ನೇ ಕಲಿಸೋಣ. ಆದರೆ ಪೂರ್ತಿ ಕಲಿಸೋಣ. ಮಂಡಾಲೆ ಜೈಲಿನಲ್ಲಿ ಕೂತು ತಿಲಕರು ಅದರಲ್ಲಿ ಕರ್ಮಯೋಗ ಕಂಡರು. ಗಾಂಧೀಜಿ ಅದೇ ಯುದ್ಧರಂಗದ ಪುಸ್ತಕದಲ್ಲಿ ಅಹಿಂಸೆ ಕಂಡರು. ಅಂಬೇಡ್ಕರ್ ಅದರಲ್ಲಿ ಚಾತುರ್ವರ್ಣ್ಯದ ಸಮರ್ಥನೆ ಕಂಡರು. ಮೂವರನ್ನೂ ಒಂದೇ ಪಾಠದಲ್ಲಿಟ್ಟು "ನಿನಗೆ ಏನನ್ಸುತ್ತೆ, ಐದು ಮಾರ್ಕ್ಸಿಗೆ ಬರಿ" ಅಂತ ಕೇಳಿ. ಒಪ್ತೀರಾ? ಒಪ್ಪಲ್ಲ. ಯಾಕಂದ್ರೆ ನಿಮಗೆ ಬೇಕಿರೋದು ಕಂಠಪಾಠ, ಕೈ ಮುಗಿಯೋದು. ಅದಕ್ಕೆ ಮನೆ ಇದೆ, ಮಠ ಇದೆ. ಸರ್ಕಾರಿ ಶಾಲೆ ಯಾಕೆ?

ಇನ್ನೊಂದು ಕಡೆಯವರು ನನ್ನ ಸ್ನೇಹಿತರೇ, ಆದ್ದರಿಂದ ಅವರ ಮೇಲೆ ಸಿಟ್ಟು ಸ್ವಲ್ಪ ಜಾಸ್ತಿ. "ಶಾಲೆಯಲ್ಲಿ ಧರ್ಮದ ಮಾತೇ ಬೇಡ, ಸಂವಿಧಾನ ವಿರೋಧಿ" ಅಂತಾರೆ. ಸ್ವಾಮಿ, 28ನೇ ವಿಧಿ ಓದಿದ್ದೀರಾ? ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತೆ ಅದು. ಅಂದರೆ ಇದನ್ನು ನಂಬು, ಹೀಗೆ ಪೂಜೆ ಮಾಡು ಅಂತ ಕಲಿಸೋದು. ಧರ್ಮಗಳ ಬಗ್ಗೆ ತಿಳಿಸೋದು ಬೇರೆ. ಗುರುನಾನಕರ ಜೀವನ, ಉಪದೇಶಗಳ ಅಧ್ಯಯನ ಧಾರ್ಮಿಕ ಬೋಧನೆ ಆಗಲ್ಲ ಅಂತ ಸುಪ್ರೀಂ ಕೋರ್ಟು 1971ರಲ್ಲೇ ಹೇಳಿತು. 2002ರಲ್ಲಿ ಅರುಣಾ ರಾಯ್ ಕೇಸಿನಲ್ಲಿ ಮತ್ತೆ ಈ ವ್ಯತ್ಯಾಸವನ್ನೇ ಎತ್ತಿಹಿಡಿಯಿತು. ಅದಕ್ಕೂ ಮೊದಲು, 1966ರಲ್ಲಿ, ಕೊಠಾರಿ ಆಯೋಗ ಎಲ್ಲಾ ಮುಖ್ಯ ಧರ್ಮಗಳ ಬಗ್ಗೆ ಆಯ್ದ ಮಾಹಿತಿ ಪಠ್ಯದಲ್ಲಿರಲಿ ಅಂದಿತ್ತು. ಅರವತ್ತು ವರ್ಷದಿಂದ ಆ ಮಾತು ಕಪಾಟಿನಲ್ಲಿ ಕೂತಿದೆ.

ಈಗ ಪಾಠವೇ ಇಲ್ಲ ಅಂತೇನಿಲ್ಲ. ಇದೆ. ಮಹಾವೀರ, ಬುದ್ಧ, ಶಂಕರ, ರಾಮಾನುಜ, ಮಧ್ವ, ಎಲ್ಲರೂ ಇತಿಹಾಸದ ಪುಸ್ತಕದಲ್ಲಿ ಸಾಲಾಗಿ ನಿಂತಿದ್ದಾರೆ. ಹುಟ್ಟಿದ್ದು ಎಲ್ಲಿ, ತಂದೆ ಯಾರು, ಸಿದ್ಧಾಂತದ ಹೆಸರೇನು. ಬಿಟ್ಟ ಸ್ಥಳ ತುಂಬಿರಿ. ಅದ್ವೈತ ಅಂತ ಸರಿಯಾಗಿ ತುಂಬಿ ಒಂದು ಮಾರ್ಕ್ಸ್ ತಗೊಂಡ ಹುಡುಗನಿಗೆ, ಪಕ್ಕದಲ್ಲಿ ಕೂರೋ ಗೆಳೆಯ ರಂಜಾನ್ ತಿಂಗಳಲ್ಲಿ ಬಿಸಿಯೂಟದ ಹೊತ್ತಿಗೆ ಹೊಂಗೆ ಮರದ ಕೆಳಗೆ ಯಾಕೆ ಹೋಗಿ ಕೂರ್ತಾನೆ ಗೊತ್ತಿಲ್ಲ. "ಉಗುಳೂ ನುಂಗಲ್ವಂತೆ, ಹೌದಾ ಸಾರ್?" ಅಂತ ನನ್ನನ್ನು ಕೇಳ್ತಾರೆ, ಅವನನ್ನು ಕೇಳಲ್ಲ. ರಂಜಾನ್ ಒಂದೊಂದು ವರ್ಷ ಒಂದೊಂದು ಕಾಲಕ್ಕೆ ಯಾಕೆ ಬರುತ್ತೆ ಅನ್ನೋದು ಒಳ್ಳೇ ಲೆಕ್ಕದ ಪಾಠ. ಚಾಂದ್ರಮಾನ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು, ನಾವು ಅಧಿಕ ಮಾಸ ಹಾಕಿ ಸರಿಮಾಡ್ಕೋತೀವಿ, ಅವರು ಹಾಕಲ್ಲ. ಅಷ್ಟೇ ವಿಷಯ. ಹೇಳಿದರೆ ಯಾರ ಧರ್ಮ ಕೆಡುತ್ತೆ?

ದೇವರೇ ಇಲ್ಲ ಅಂದವರ ಪಾಠವೂ ಇರಲಿ. ಚಾರ್ವಾಕರೂ ಈ ಮಣ್ಣಿನವರೇ.

2021ರ ಡಿಸೆಂಬರಿನಲ್ಲಿ ಉಡುಪಿಯಲ್ಲಿ ಹಿಜಾಬ್ ವಿಷಯ ಶುರುವಾಯಿತಲ್ಲ, ಆಗ ಟೀವಿಯವರು ಕ್ಯಾಮೆರಾ ಹಿಡ್ಕೊಂಡು ಸ್ಕೂಲು ಗೇಟಿನಲ್ಲಿ ಹುಡುಗಿಯರ ಹಿಂದೆ ಓಡಿದರು. ಕೊನೆಗೆ 2022ರ ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಅದಕ್ಕೆ ಅವರು ಅಬ್ದುಲ್ಲಾ ಯೂಸುಫ್ ಅಲಿಯವರ ಕುರಾನ್ ವ್ಯಾಖ್ಯಾನವನ್ನು ಆಧಾರ ಮಾಡಿಕೊಂಡರು. ತೀರ್ಪಿನ ಸರಿತಪ್ಪು ಬಿಡಿ, ಮುಂದೆ ಸುಪ್ರೀಂ ಕೋರ್ಟಿನಲ್ಲೂ ಇಬ್ಬರು ಎರಡು ಥರ ಹೇಳಿದರು. ನನ್ನ ಪ್ರಶ್ನೆ ಬೇರೆ. ಮಕ್ಕಳು ಶಾಲೆಗೆ ಏನು ಹಾಕ್ಕೊಂಡು ಬರಬೇಕು ಅಂತ ತೀರ್ಮಾನ ಮಾಡೋಕೆ ನ್ಯಾಯಮೂರ್ತಿಗಳು ಧರ್ಮಗ್ರಂಥ ಓದಬೇಕಾಯಿತು. ಅದೇ ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಓದಿಸಬಾರದಾ?

ಸರಿ, ಪುಸ್ತಕ ಯಾರು ಬರೀತಾರೆ? ಇದು ಮಾತ್ರ ನಿಜವಾದ ಕಷ್ಟ, ಒಪ್ಕೋತೀನಿ. 2022ರ ಪಠ್ಯ ಪರಿಷ್ಕರಣೆಯಲ್ಲಿ ಬಸವಣ್ಣನವರ ಒಂದು ಪಾಠ ತಿದ್ದೋಕೆ ಹೋಗಿ ಏನಾಯ್ತು, ನೋಡಿದ್ದೀವಿ. ಸ್ವಾಮೀಜಿಗಳು ತಿರುಗಿಬಿದ್ದರು, ಸರ್ಕಾರ ಸಮಿತಿಯನ್ನೇ ವಿಸರ್ಜಿಸಿತು. ಸರ್ಕಾರ ಬದಲಾದ ಮೇಲೆ ಪುಸ್ತಕವೂ ಬದಲಾಯಿತು. ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಮಾಡ್ಕೊಂಡಿದ್ದಾರೆ. ಅಲ್ಲಿ ಸ್ಥಳೀಯ ಆಡಳಿತದ ಮಟ್ಟದಲ್ಲೇ ಧರ್ಮ ಪಾಠದ ಸಿಲಬಸ್ ಮಾಡೋಕೆ ನಾಲ್ಕು ಗುಂಪು ಕೂರುತ್ತವೆ: ಚರ್ಚ್ ಆಫ್ ಇಂಗ್ಲೆಂಡ್, ಉಳಿದ ಪಂಗಡ ಮತ್ತು ಧರ್ಮದವರು, ಮೇಷ್ಟ್ರುಗಳು, ಸ್ಥಳೀಯ ಆಡಳಿತ. ಗುಂಪಿಗೆ ಒಂದೇ ವೋಟು, ನಾಲ್ಕೂ ಒಪ್ಪಬೇಕು. ಮಕ್ಕಳನ್ನು ಆ ಪಾಠದಿಂದ ಹೊರಗಿಡೋ ಹಕ್ಕು ತಂದೆತಾಯಿಗೂ ಇದೆ. ಅಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಆದರೆ ಒಬ್ಬ ಮಂತ್ರಿ, ಒಬ್ಬ ಅಧ್ಯಕ್ಷ ಕೂತು ಬಸವಣ್ಣ ಯಾರು ಅಂತ ತೀರ್ಮಾನಿಸೋದಕ್ಕಿಂತ ಇದು ವಾಸಿ ಅಲ್ವಾ? ಒಮ್ಮತ ಬರದೇ ಇದ್ದ ಕಡೆ "ಇವರು ಹೀಗಂತಾರೆ, ಅವರು ಹಾಗಂತಾರೆ" ಅಂತ ಬರೀರಿ. ಮಕ್ಕಳು ನಾವು ಅಂದ್ಕೊಂಡಷ್ಟು ದಡ್ಡರಲ್ಲ.

ಆ ಹುಡುಗ ಈಗ ಹತ್ತನೇ ಕ್ಲಾಸು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಈ ವರ್ಷದ ಒಂಬತ್ತನೇ ಕ್ಲಾಸಿಗೆ ಮುಂದಿನ ತಿಂಗಳು ಅದೇ ಪಾಠ ಬರುತ್ತೆ. ಒಂದು ಪೀರಿಯಡ್ ಪೂರ್ತಿ ಪ್ರಶ್ನೆಗಳಿಗೇ ಬಿಡೋದು, ಆ ಹುಡುಗನನ್ನೂ ಕರೆಸಿ ಕೂರಿಸೋದು ಅಂದ್ಕೊಂಡಿದ್ದೀನಿ. ಹೆಡ್‌ಮಾಸ್ಟರಿಗೆ ಇನ್ನೂ ಹೇಳಿಲ್ಲ.