ಅಡ್ರೆಸ್ ಇಲ್ಲದವರ ಒಲೆಗೆ ಯಾವ ಸಿಲಿಂಡರ್?

ಊರಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗ ಬಾಡಿಗೆ ರೂಮಿಗೆ ಗ್ಯಾಸ್ ಕೇಳಲು ಹೋದರೆ ಏಜೆನ್ಸಿಯವರು ಮೊದಲು ಕೇಳೋದು ಅಡ್ರೆಸ್ ಪ್ರೂಫ್. ಆಧಾರ್‌ನಲ್ಲಿ ಊರಿನ ವಿಳಾಸ. ಓನರ್ ಕರಾರುಪತ್ರ ಮಾಡಿಕೊಟ್ಟಿಲ್ಲ. ಅಲ್ಲಿಗೆ ಮಾತು ಮುಗೀತು.

ಕಾಗದ ಇದ್ದರೂ ದುಡ್ಡು ಬೇಕು. 2022ರ ಜೂನ್‌ನಲ್ಲಿ 14.2 ಕೆಜಿ ಸಿಲಿಂಡರ್‌ನ ಡೆಪಾಸಿಟ್ 1,450 ರೂಪಾಯಿಯಿಂದ 2,200ಕ್ಕೆ, ರೆಗ್ಯುಲೇಟರ್‌ನದ್ದು 150ರಿಂದ 250ಕ್ಕೆ ಏರಿತು. ಸ್ಟೌ, ಪೈಪಿನ ಖರ್ಚು ಬೇರೆ.

ಉಜ್ವಲಾ ಇದೆಯಲ್ಲ ಅಂತೀರಾ? 2021ರ ಆಗಸ್ಟ್‌ನಲ್ಲಿ ಶುರುವಾದ ಉಜ್ವಲಾ 2.0ರಲ್ಲಿ ವಲಸೆ ಕುಟುಂಬಗಳಿಗೆ ವಿಳಾಸದ ದಾಖಲೆ ಬದಲು ಸ್ವಯಂ ಘೋಷಣೆ ಸಾಕು. ಒಳ್ಳೆಯ ಹೆಜ್ಜೆಯೇ. ಆದರೆ ಸಂಪರ್ಕ ಸಿಗುವುದು ಬಡ ಕುಟುಂಬದ ವಯಸ್ಕ ಮಹಿಳೆಗೆ, ಅದೂ ಮನೆಯಲ್ಲಿ ಬೇರೆ ಸಂಪರ್ಕ ಇಲ್ಲದಿದ್ದರೆ. ಊರಲ್ಲಿ ಅಮ್ಮನ ಹೆಸರಲ್ಲಿ ಗ್ಯಾಸ್ ಇದ್ದು, ಇಲ್ಲಿ ನಾಲ್ವರು ಒಂದೇ ರೂಮಲ್ಲಿ ಇರುವ ಹುಡುಗರು ಈ ಲೆಕ್ಕಕ್ಕೇ ಬರಲ್ಲ.

ಅವರಿಗೆ ಉಳಿಯುವ ಕಾನೂನುಬದ್ಧ ದಾರಿ 5 ಕೆಜಿಯ 'ಛೋಟು'. ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೆ ಸಬ್ಸಿಡಿ ಇಲ್ಲ, ಕೆಜಿ ಲೆಕ್ಕದಲ್ಲಿ ದೊಡ್ಡ ಸಿಲಿಂಡರ್‌ಗಿಂತ ದುಬಾರಿ. ಬಡವರೇ ಹೆಚ್ಚು ಕೊಡಬೇಕು. ಹಾಗಾಗಿ ಎಷ್ಟೋ ಮಂದಿ ಗಲ್ಲಿಯ ಅಂಗಡಿಯಲ್ಲಿ ಸಣ್ಣ ಡಬ್ಬಕ್ಕೆ ಒಂದು, ಎರಡು ಕೆಜಿ ತುಂಬಿಸಿಕೊಳ್ಳುತ್ತಾರೆ. ಅದು ಅಕ್ರಮ, ಅಪಾಯ ಕೂಡ.

ಕಂಪನಿಯ ಸಿಲಿಂಡರ್‌ನ ಹಿಡಿಕೆ ಪಟ್ಟಿಯ ಮೇಲೆ 'ಎ-27' ಎಂದಿದ್ದರೆ, 2027ರ ಜನವರಿ-ಮಾರ್ಚ್‌ನಲ್ಲಿ ಅದರ ಮರುಪರೀಕ್ಷೆ ಆಗಬೇಕು ಎಂದರ್ಥ. ಗಲ್ಲಿಯ ಡಬ್ಬಕ್ಕೆ ಆ ಖಾತರಿ ಎಲ್ಲಿದೆ? ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಕಿಟಕಿ ಇಲ್ಲದ ರೂಮಲ್ಲಿ, ಅದೇ ನೆಲದ ಮೇಲೆ ಹುಡುಗರು ಮಲಗಿರುತ್ತಾರೆ. ಅನಾಹುತ ಆದರೆ ನೋಂದಾಯಿತ ಗ್ರಾಹಕರಿಗೆ ತೈಲ ಕಂಪನಿಗಳ ವಿಮೆ ಇದೆ, ಇವರಿಗೆ ಅದೂ ಇಲ್ಲ.

'ಸಿಲಿಂಡರ್ ನೆಟ್ಟಗಿಡಿ, ಸ್ಟೌ ಅದಕ್ಕಿಂತ ಎತ್ತರದಲ್ಲಿರಲಿ, ಐದು ವರ್ಷಕ್ಕೊಮ್ಮೆ ಪೈಪು ಬದಲಿಸಿ' ಎಂಬ ಬುದ್ಧಿಮಾತು ಸರಿಯೇ. ಆದರೆ ಅಡುಗೆಮನೆಯೇ ಇಲ್ಲದವರಿಗೆ ಬುದ್ಧಿಮಾತಷ್ಟೇ ಸಾಲದು. ಬಾಡಿಗೆದಾರರಿಗೂ ಸ್ವಯಂ ಘೋಷಣೆ ಮೇಲೆ ಸಂಪರ್ಕ ಕೊಡಿ. 5 ಕೆಜಿಗೂ ಮನೆಬಳಕೆಯ ಕೆಜಿ ದರವನ್ನೇ ಹಾಕಿ. ಅಷ್ಟು ಮಾಡದೆ ಅಕ್ರಮ ರೀಫಿಲ್ಲಿಂಗ್ ಅಂಗಡಿಗಳ ಮೇಲೆ ದಾಳಿ ಮಾಡಿದರೆ, ಒಂದು ಅಂಗಡಿ ಮುಚ್ಚುತ್ತೆ, ಪಕ್ಕದ ಗಲ್ಲಿಯಲ್ಲಿ ಇನ್ನೊಂದು ತೆರೆಯುತ್ತೆ.