ದಾಸವಾಳಕ್ಕೆ ವಿಷ ಬೇಕೇ?

ಮಕ್ಕಳೇ, ನಿಮ್ಮ ಮನೆಯ ಅಂಗಳದಲ್ಲೋ ಹಿತ್ತಲಲ್ಲೋ ಒಂದು ದಾಸವಾಳದ ಗಿಡ ಇರಬಹುದು. ಇಲ್ಲದಿದ್ದರೆ ಅಕ್ಕಪಕ್ಕದಲ್ಲಿ ಎಲ್ಲಾದರೂ ನೋಡಿಯೇ ಇರುತ್ತೀರಿ. ಒಂದು ಬಲಿತ ಕಡ್ಡಿ ನೆಟ್ಟು ನೀರು ಹಾಕಿದರೆ ಚಿಗುರುವ ಗಿಡ ಇದು. ಹೂವು ದೇವರ ಪೂಜೆಗೆ ಬೇಕು, ಎಲೆ ಅರೆದು ತಲೆಗೆ ಹಚ್ಚಲು ಬೇಕು. ಶಾಲೆಯಲ್ಲಿ ಹೂವಿನ ಭಾಗಗಳನ್ನು ಬಿಡಿಸಿ ನೋಡುವಾಗಲೂ ನಿಮ್ಮ ಶಿಕ್ಷಕರು ತರಲು ಹೇಳುವುದು ಇದನ್ನೇ.

ಇಂಥ ಗಿಡದ ತುದಿಗಳಲ್ಲಿ ಒಂದು ದಿನ ಹತ್ತಿಯಂಥ ಬಿಳಿ ಗಂಟುಗಳು ಕಾಣುತ್ತವೆ. ಚಿಗುರು ಮುರುಟುತ್ತದೆ. ಮೊಗ್ಗು ಉದುರುತ್ತದೆ. ಎಲೆಯ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಕೂರುತ್ತದೆ. ಆಗ ಅನೇಕರು ಗಿಡವನ್ನು ಕಡಿದುಹಾಕುತ್ತಾರೆ. ಇಲ್ಲವೇ ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ಸಿಂಪಡಿಸುತ್ತಾರೆ. ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ, ನೀವೇ ಯೋಚಿಸಿ.

ಆ ಬಿಳಿ ಗಂಟು ಒಂದು ಕೀಟದ ಗುಂಪು. ಅದರ ಹೆಸರು ಹಿಟ್ಟು ತಿಗಣೆ. ಮೈಮೇಲಿನ ಮೇಣದ ಪುಡಿ ಹಿಟ್ಟಿನಂತೆ ಕಾಣುವುದರಿಂದ ಈ ಹೆಸರು. ಇದು ಸೂಜಿಯಂಥ ಬಾಯಿಯಿಂದ ಗಿಡದ ರಸ ಹೀರುತ್ತದೆ. ಮೈಗೆ ಹೆಚ್ಚಾದ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಹಾಕುತ್ತದೆ. ಕಪ್ಪು ಬೂಷ್ಟು ಬೆಳೆಯುವುದು ಆ ಅಂಟಿನ ಮೇಲೆಯೇ. ಸಿಹಿಯ ಆಸೆಗೆ ಇರುವೆಗಳೂ ಬರುತ್ತವೆ. ನಾವು ದನ ಕಾಯುವಂತೆ ಅವು ತಿಗಣೆಗಳನ್ನು ಕಾಯುತ್ತವೆ. ತಿಗಣೆಯನ್ನು ತಿನ್ನಲು ಬಂದ ಹುಳುಗಳನ್ನು ಕಚ್ಚಿ ಓಡಿಸುತ್ತವೆ.

ವಿಷ ಸಿಂಪಡಿಸಿದರೆ ಏನಾಗುತ್ತದೆ? ಮೇಣದ ಮೇಲೆ ಔಷಧಿಯ ನೀರು ಸರಿಯಾಗಿ ನಿಲ್ಲುವುದಿಲ್ಲ. ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆಗಳು ಸುರಕ್ಷಿತವಾಗಿರುತ್ತವೆ. ಸಾಯುವುದು ಎಲೆಯ ಮೇಲೆ ಓಡಾಡುವ ಗುಲಗಂಜಿ ಹುಳು, ಪುಟ್ಟ ಕಣಜ ಮುಂತಾದ ನಮ್ಮ ಸ್ನೇಹಿತರು. ಮೊಟ್ಟೆ ಒಡೆದು ಮರಿಗಳು ಬಂದಾಗ ಅವನ್ನು ತಿನ್ನುವವರೇ ಇರುವುದಿಲ್ಲ. ಅಷ್ಟೇ ಅಲ್ಲ, ಅದೇ ಎಲೆಯನ್ನು ತಾನೇ ನಾವು ತಲೆಗೆ ಹಚ್ಚುವುದು?

ಈ ಸ್ನೇಹಿತರಲ್ಲಿ ಒಬ್ಬನ ಕತೆ ಕೇಳಿ. 1898ರಲ್ಲಿ ಕಾಫಿ ಗಿಡದ ಕೀಟವೊಂದನ್ನು ಹತೋಟಿಗೆ ತರಲು ಆಸ್ಟ್ರೇಲಿಯಾದಿಂದ ಒಂದು ಗುಲಗಂಜಿ ಹುಳುವನ್ನು ಭಾರತಕ್ಕೆ ತಂದರು. ಅದು ಇಲ್ಲಿ ನೆಲೆಯೂರಿ ಹಿಟ್ಟು ತಿಗಣೆಯ ದೊಡ್ಡ ಶತ್ರುವಾಯಿತು. ಇದರ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಎಳೆಗಳಿರುತ್ತವೆ. ನೋಡಲು ಥೇಟ್ ದೊಡ್ಡ ಹಿಟ್ಟು ತಿಗಣೆಯೇ! ಗೊತ್ತಿಲ್ಲದವರು ಶತ್ರುವೆಂದು ಸ್ನೇಹಿತನನ್ನೇ ಹೊಸಕಿಹಾಕುತ್ತಾರೆ. ಗುರುತಿಸುವುದು ಸುಲಭ: ಇದು ತಿಗಣೆಗಿಂತ ದೊಡ್ಡದಾಗಿ ಬೆಳೆಯುತ್ತದೆ, ಚುರುಕಾಗಿ ನಡೆಯುತ್ತದೆ.

ಇನ್ನೊಂದು ಉದಾಹರಣೆ. 2008ರಲ್ಲಿ ಕೊಯಮತ್ತೂರಿನ ಬಳಿ ಪರಂಗಿಯ ಹಿಟ್ಟು ತಿಗಣೆ ಎಂಬ ವಿದೇಶಿ ಕೀಟ ಕಾಣಿಸಿಕೊಂಡಿತು. ಪರಂಗಿ, ಹಿಪ್ಪುನೇರಳೆ, ಮರಗೆಣಸಿನ ಜೊತೆಗೆ ದಾಸವಾಳಕ್ಕೂ ಹತ್ತಿಕೊಂಡಿತು. ಕರ್ನಾಟಕಕ್ಕೂ ಹರಡಿತು. ಕೀಟನಾಶಕಗಳಿಂದ ಅದು ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ವಿಜ್ಞಾನಿಗಳು ಪೋರ್ಟೊ ರಿಕೊ ದ್ವೀಪದಿಂದ ಪುಟ್ಟ ಕಣಜಗಳನ್ನು ತರಿಸಿದರು. ಪರೀಕ್ಷಿಸಿ, ಬೆಳೆಸಿ, ಹೊಲತೋಟಗಳಿಗೆ ಬಿಟ್ಟರು. ಆ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ತಿಗಣೆಯನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಡಬ್ಬಿಗಟ್ಟಲೆ ವಿಷದಿಂದ ಆಗದ ಕೆಲಸ ಸಾಸಿವೆಗಿಂತ ಚಿಕ್ಕ ಜೀವಿಯಿಂದ ಆಯಿತು.

‘ಹುಳು ಬರುವ ತನಕ ಕಾದರೆ ಗಿಡವೇ ಸಾಯುತ್ತದಲ್ಲ’ ಎಂದು ಮನೆಯಲ್ಲಿ ಹಿರಿಯರು ಕೇಳಬಹುದು. ಕೇಳುವುದು ಸರಿಯೇ. ಸುಮ್ಮನೆ ಕೂರಬೇಕಾಗಿಲ್ಲ. ತಿಗಣೆ ಮುತ್ತಿದ ತುದಿಗಳನ್ನು ಹಿರಿಯರಿಂದ ಕತ್ತರಿಸಿಸಿ, ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಉಳಿದ ಎಲೆಗಳ ಅಡಿಭಾಗಕ್ಕೆ ಜೋರಾಗಿ ನೀರು ಚಿಮ್ಮಿಸಿ. ಗೋಡೆಗೋ ಪಕ್ಕದ ಗಿಡಕ್ಕೋ ತಾಗುವ ರೆಂಬೆಗಳನ್ನು ತೆಗೆಸಿದರೆ ಇರುವೆಗಳ ಎಷ್ಟೋ ದಾರಿಗಳು ಮುಚ್ಚುತ್ತವೆ. ಇರುವೆ ಕಾವಲು ತಪ್ಪಿದರೆ ಗುಲಗಂಜಿ ಹುಳು ನಿರ್ಭಯವಾಗಿ ಬರುತ್ತದೆ. ಕೀಟನಾಶಕದ ಡಬ್ಬಿಯನ್ನು ಮಾತ್ರ ನೀವು ಮುಟ್ಟಲೇಬೇಡಿ.

ಒಂದು ಕೆಲಸ ಮಾಡಿ. ಒಂದೇ ರೆಂಬೆಯನ್ನು ಆರಿಸಿಕೊಂಡು ದಾರ ಕಟ್ಟಿ. ಎರಡು ದಿನಕ್ಕೊಮ್ಮೆ ಅದರಲ್ಲಿ ತಿಗಣೆ ಎಷ್ಟು, ಇರುವೆ ಎಷ್ಟು, ಗುಲಗಂಜಿ ಹುಳು ಎಷ್ಟು ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ತಿಂಗಳಾದ ಮೇಲೆ ಆ ಪಟ್ಟಿಯನ್ನು ಮನೆಯಲ್ಲಿ ತೋರಿಸಿ. ನನ್ನ ಮಾತು ಸರಿಯೋ ತಪ್ಪೋ ಎಂದು ನೀವು ಬರೆದ ಲೆಕ್ಕವೇ ಹೇಳಲಿ.