ಅಲೆದಾಟವೇ ಜಂಗಮವಲ್ಲ

ನಿವೃತ್ತಿಯ ನಂತರ ಮನೆ, ಹೊಲ ಮಾರಿ, ವಾಹನದಲ್ಲೇ ಉಂಡು, ಅದರಲ್ಲೇ ಮಲಗಿ ಊರೂರು ಸುತ್ತುವವರು ನಮ್ಮಲ್ಲೂ ಇದ್ದಾರೆ. ‘ಸ್ಥಾವರ ಬಿಟ್ಟೆವು, ಜಂಗಮರಾದೆವು’ ಎನ್ನುತ್ತಾರೆ. ಆಸ್ತಿಯ ಮೋಹ ಕಳಚಿದ್ದಕ್ಕೆ ನನ್ನ ಶರಣು. ಜಂಗಮರಾದೆವೆಂಬ ಮಾತನ್ನು ಮಾತ್ರ ಒಪ್ಪಲಾರೆ.

ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆ ತೊರೆದು ಪತ್ನಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಬಂದವರು ಕಟ್ಟಿಗೆ ಹೊರೆ ಹೊತ್ತು ಮಾರಿದರು, ಆ ಗಳಿಕೆಯಲ್ಲೇ ದಾಸೋಹ ನಡೆಸಿದರು. ಎಲ್ಲ ಬಿಟ್ಟ ಮೇಲೇ ಅವರ ಕಾಯಕ ಶುರುವಾಯಿತು.

ಮನೆ ಮಾರಿದ ಹಣದ ಬಡ್ಡಿಯಲ್ಲಿ ತಿರುಗುವುದಕ್ಕೆ ಪ್ರವಾಸ ಎನ್ನಿ, ತಪ್ಪಿಲ್ಲ. ಜಂಗಮ ಎನ್ನಬೇಕಾದರೆ ತಂಗಿದ ಊರಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ, ಕೆರೆಯ ಹೂಳೆತ್ತಲು ಕೈಜೋಡಿಸಿ. ಕಾಯಕಕ್ಕೆ ನಿವೃತ್ತಿಯಿಲ್ಲ.